ಸ್ಟಿಕ್ಕರ್ ಇಲ್ಲದ ಬ್ಯಾಟು, ಸಹಿ ಇರುವ ಯೋಯೋ

1996ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಹೊಡೆದವರು ಸಚಿನ್ ತೆಂಡೂಲ್ಕರ್, 523. ಆಗ ಅವರ ಬ್ಯಾಟಿನ ಮೇಲೆ ಯಾವ ಕಂಪನಿಯ ಸ್ಟಿಕ್ಕರೂ ಇರಲಿಲ್ಲ. ಎಂಆರ್‌ಎಫ್ ಅನ್ನುವ ಮೂರು ಅಕ್ಷರ ಬಂದು ಕೂತದ್ದು ಆಮೇಲೆ. ಡೊಂಬಿವಲಿಯ ನಮ್ಮ ಚಾಳಿನ ಹುಡುಗರೆಲ್ಲ ಆ ಮೂರು ಅಕ್ಷರವನ್ನು ಸ್ಕೆಚ್ ಪೆನ್ನಿನಲ್ಲಿ ತಮ್ಮ ತಮ್ಮ ಬ್ಯಾಟಿನ ಮೇಲೆ ಬರೆದುಕೊಂಡರು. ಅದು ಟೈರು ಮಾಡುವ ಕಂಪನಿ ಅಂತ ಎಲ್ಲರಿಗೂ ಗೊತ್ತಿತ್ತು. ಸಚಿನ್ ಕೈಯಲ್ಲಿ ಇದೆ ಅನ್ನುವ ಕಾರಣಕ್ಕೆ ಆ ಅಕ್ಷರ ನಮಗೆ ಬೇಕಾಗಿತ್ತು, ಬ್ಯಾಟಿನ ಮರ ಹೇಗಿದೆ ಅನ್ನುವ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಬ್ಯಾಟು ಕೆತ್ತಿದವನು ಬೇರೆ, ದುಡ್ಡು ಕೊಟ್ಟವನು ಬೇರೆ.

ಯೋಯೋ ಆಟದಲ್ಲಿ ಆ ಇಬ್ಬರೂ ಒಬ್ಬನೇ. ಟೈರಿನವರು, ಸಿಮೆಂಟಿನವರು ಇತ್ತ ತಲೆಹಾಕುವುದಿಲ್ಲ. ಆಟಗಾರನ ಬೆನ್ನಿಗೆ ಯಾರಾದರೂ ನಿಂತರೆ ಅದು ಯೋಯೋ ಮಾಡಿ ಮಾರುವ ಕಂಪನಿ, ಇಲ್ಲವೇ ದಾರ ಹೊಸೆದು ಮಾರುವವರು. ಆಟಗಾರ ಬೆರಳಿಗೆ ಕಟ್ಟಿಕೊಂಡದ್ದೇ ಮಾರಾಟದ ಸರಕು. ಅವನ ಆಟ ನೋಡಲು ಕೂತವರೂ ಹೆಚ್ಚಾಗಿ ತಾವೇ ಯೋಯೋ ಆಡುವವರು, ಅಂದರೆ ನಾಳೆಯ ಗಿರಾಕಿಗಳು. ಬ್ರ್ಯಾಂಡ್ ನಿಷ್ಠೆಯ ಬಗ್ಗೆ, ಸ್ಪಾನ್ಸರ್‌ಶಿಪ್ ಬಗ್ಗೆ ನನಗೆ ಅನ್ನಿಸುವುದೆಲ್ಲ ಈ ಒಂದು ವಿಷಯದಿಂದಲೇ ಹೊರಡುತ್ತದೆ.

ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಭಾನುವಾರ ಬೆಳಗಿನ ಹೊತ್ತು ನಾವು ಕೆಲವರು ಸೇರುತ್ತೇವೆ. ಅದಕ್ಕೊಂದು ಹೆಸರಿಲ್ಲ, ಸದಸ್ಯತ್ವವಿಲ್ಲ. ಮರದ ನೆರಳಿದೆ, ಒಬ್ಬರ ದಾರ ಇನ್ನೊಬ್ಬರಿಗೆ ತಾಗದಷ್ಟು ಜಾಗವಿದೆ, ಮುಗಿದ ಮೇಲೆ ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಇಡ್ಲಿ ಇದೆ. ಅಲ್ಲಿಗೆ ಬರುವ ಒಬ್ಬ ಹುಡುಗ ವಡಾಲದವನು, ಹನ್ನೊಂದನೆಯ ಕ್ಲಾಸು, ಮನೆಯವರು ಕುಂದಾಪುರದ ಕಡೆಯವರು. ದಾರದ ಸಡಿಲನ್ನು ಗಾಳಿಯಲ್ಲಿ ಬೀಸಿ ಮತ್ತೆ ಯೋಯೋದ ಸಂದಿಗೇ ತಂದು ಕೂರಿಸುವ ಸ್ಲ್ಯಾಕ್ ಟ್ರಿಕ್‌ಗಳಲ್ಲಿ ಅವನ ಕೈ ನನ್ನ ಕೈಗಿಂತ ಎಷ್ಟೋ ಚುರುಕು. ಹೋದ ತಿಂಗಳು ಇಡ್ಲಿಯ ಮುಂದೆ ಕೂತು ಕೇಳಿದ:

“ಅಣ್ಣ, ಸ್ಪಾನ್ಸರ್ ಸಿಗ್ಲಿಕ್ಕೆ ಎಂತ ಮಾಡ್ಬೇಕು?”

“ಯಾವ ಕಂಪನಿಯದ್ದು ಬೇಕು ನಿಂಗೆ?”

“ಯಾವುದಾದ್ರೂ ಅಡ್ಡಿಲ್ಲ.”

ಆ ವಯಸ್ಸಿಗೆ ಅದು ಸಹಜವಾದ ಉತ್ತರ. ಆದರೂ ಅದು ನನ್ನ ತಲೆಯಿಂದ ಹೋಗಲಿಲ್ಲ. ಇಡ್ಲಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಯೋಯೋ ಅಂದರೆ ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಸಿಗುವ, ಲೈಟು ಮಿನುಗುವ ಪ್ಲಾಸ್ಟಿಕ್ ಗಾಲಿ ಅಂತಲೇ ತಿಳಿದವರಿಗೆ ಒಂದೆರಡು ಮಾತು. ಸ್ಪರ್ಧೆಯ ಯೋಯೋ ಹೆಚ್ಚಾಗಿ ಅಲ್ಯೂಮಿನಿಯಂನದು, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತಿನಲ್ಲಿ ಕೊರೆದದ್ದು, ತೂಕ ಸುಮಾರು 65 ಗ್ರಾಂ. ಎರಡು ಅರ್ಧಗಳ ನಡುವೆ ಒಂದು ಆಕ್ಸಲ್, ಅದರ ಮೇಲೆ ಬಾಲ್ ಬೇರಿಂಗ್, ಇಕ್ಕೆಲದಲ್ಲೂ ಸಿಲಿಕೋನ್ ಪ್ಯಾಡ್. ಕೈ ಎಳೆದರೆ ಇದು ತಾನಾಗಿ ಮೇಲೆ ಬರುವುದಿಲ್ಲ. ದಾರವನ್ನು ಮಡಿಸಿ ಸಂದಿಗೆ ತುರುಕಿ, ಬೈಂಡ್ ಮಾಡಿ ಕರೆಸಿಕೊಳ್ಳಬೇಕು. ತಾನಾಗಿ ಬಾರದ್ದರಿಂದಲೇ ಅದು ದಾರದ ತುದಿಯಲ್ಲಿ ನಿಮಿಷಗಟ್ಟಲೆ ತಿರುಗುತ್ತ ನಿಲ್ಲುತ್ತದೆ, ಆ ನಿಮಿಷಗಳಲ್ಲಿ ಆಟಗಾರ ದಾರದಿಂದ ಏನೆಲ್ಲ ಕಟ್ಟಿ ಬಿಚ್ಚುತ್ತಾನೆ. ವಿಶ್ವ ಸ್ಪರ್ಧೆಯಲ್ಲಿ ಐದು ವಿಭಾಗಗಳಿವೆ. ಒಂದು ಯೋಯೋದ ದಾರದಾಟ 1ಎ, ಎರಡು ಕೈಯಲ್ಲೂ ಒಂದೊಂದು ಯೋಯೋವನ್ನು ಬಿಡದೆ ಎಸೆದು ಸುತ್ತಿಸುವ ಲೂಪಿಂಗ್ 2ಎ, ಎರಡು ಯೋಯೋದ ದಾರದಾಟ 3ಎ, ಯೋಯೋ ದಾರಕ್ಕೆ ಕಟ್ಟಿರದೆ ಹಾರಾಡುವುದು 4ಎ, ದಾರದ ಇನ್ನೊಂದು ತುದಿ ಬೆರಳಿನ ಬದಲು ಒಂದು ಪುಟ್ಟ ತೂಕಕ್ಕೆ ಕಟ್ಟಿರುವುದು 5ಎ. ಫೈನಲ್‌ನಲ್ಲಿ ಸಂಗೀತಕ್ಕೆ ಮೂರು ನಿಮಿಷದ ಫ್ರೀಸ್ಟೈಲ್. ನೂರರಲ್ಲಿ 60 ಅಂಕ ತಾಂತ್ರಿಕ ನಿರ್ವಹಣೆಗೆ. ತೀರ್ಪುಗಾರರು ಕೈಯಲ್ಲಿ ಕ್ಲಿಕ್ಕರ್ ಹಿಡಿದು ಕಷ್ಟದ ಒಂದೊಂದು ಚಲನೆಗೂ ಒತ್ತುತ್ತ ಹೋಗುತ್ತಾರೆ. ಯೋಯೋ ಮೇಲೆ ಯಾರ ಹೆಸರು ಕೊರೆದಿದೆ ಎಂದು ಆ ಕ್ಲಿಕ್ಕರ್ ಕೇಳುವುದಿಲ್ಲ.

ಹಾಗಿದ್ದ ಮೇಲೆ ಬ್ರ್ಯಾಂಡ್ ಎಲ್ಲಿಂದ ಬಂತು? ಆಟದ ಜೊತೆಯಲ್ಲೇ ಬಂತು. ಫಿಲಿಪ್ಪೀನ್ಸ್‌ನಿಂದ ಅಮೆರಿಕಕ್ಕೆ ಹೋಗಿದ್ದ ಪೆಡ್ರೋ ಫ್ಲೋರೆಸ್ 1928ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಯೋಯೋ ಕಂಪನಿ ಶುರುಮಾಡಿದರು. ಸ್ವಲ್ಪ ಕಾಲದಲ್ಲೇ ಆ ವ್ಯವಹಾರವನ್ನು ಕೊಂಡವರು ಡೊನಾಲ್ಡ್ ಡಂಕನ್. ಡಂಕನ್‌ಗೆ ಒಂದು ಸತ್ಯ ಗೊತ್ತಿತ್ತು: ಯೋಯೋ ಅಂಗಡಿಯ ಕಪಾಟಿನಲ್ಲಿ ಸುಮ್ಮನೆ ಕೂತರೆ ಅದು ಎರಡು ಮರದ ಬಿಲ್ಲೆ, ಯಾರಾದರೂ ಆಡಿ ತೋರಿಸಿದರೆ ಮಾತ್ರ ಅದಕ್ಕೆ ಜೀವ. ಅದಕ್ಕಾಗಿ ಅವರು ಆಡಿ ತೋರಿಸುವವರನ್ನು, ಡೆಮಾನ್‌ಸ್ಟ್ರೇಟರ್‌ಗಳನ್ನು, ಸಂಬಳ ಕೊಟ್ಟು ಊರೂರಿಗೆ ಕಳಿಸಿದರು. ಅವರಲ್ಲಿ ಅನೇಕರು ಫಿಲಿಪಿನೋಗಳು. ಮಿಠಾಯಿ ಅಂಗಡಿಯ ಮುಂದೆ ನಿಂತು ಮಕ್ಕಳಿಗೆ ಟ್ರಿಕ್ ಕಲಿಸುವುದು, ಸ್ಪರ್ಧೆ ನಡೆಸುವುದು, ಮಗು ಕೊಂಡ ಮರದ ಯೋಯೋದ ಮೇಲೆ ಚಾಕುವಿನಿಂದ ಅದರ ಹೆಸರನ್ನೋ ಒಂದು ತಾಳೆಮರವನ್ನೋ ಕೆತ್ತಿಕೊಡುವುದು ಅವರ ಕೆಲಸ. ಇವತ್ತು ಜೆರ್ಸಿ ಹಾಕಿಕೊಂಡು ವೇದಿಕೆ ಹತ್ತುವ ಸ್ಪಾನ್ಸರ್ಡ್ ಆಟಗಾರ ಇವರದೇ ವಂಶದವನು.

ಆ ಮಕ್ಕಳು ಮನಸ್ಸು ಕೊಟ್ಟದ್ದು ಯಾರಿಗೆ? ಕಂಪನಿಗೋ, ತಾಳೆಮರ ಕೆತ್ತಿಕೊಟ್ಟವನಿಗೋ? ಇದಕ್ಕೆ ಇತಿಹಾಸದಲ್ಲೇ ಒಂದು ಉತ್ತರ ಇದೆ. ಹಾಗೆ ಆಡಿ ತೋರಿಸುತ್ತಿದ್ದವರಲ್ಲಿ ಜೋ ರಾಡೋವಾನ್ ಎಂಬ ಫಿಲಿಪಿನೋ ಒಬ್ಬರು ಹೊರಬಂದು ರಾಯಲ್ ಅನ್ನುವ ಸ್ವಂತ ಕಂಪನಿ ಕಟ್ಟಿದರು. ‘ಯೋಯೋ’ ಅನ್ನುವುದೇ ತನ್ನ ಟ್ರೇಡ್‌ಮಾರ್ಕ್, ಬೇರೆ ಯಾರೂ ಬಳಸಕೂಡದು ಅಂತ ಡಂಕನ್ ಹಟಹಿಡಿದು ರಾಯಲ್ ಮೇಲೆ ಮೊಕದ್ದಮೆ ಹೂಡಿತು. 1965ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆ ಹೆಸರು ಎಲ್ಲರದು ಅಂತ ತೀರ್ಪು ಕೊಟ್ಟಿತು. ಅದೇ ವರ್ಷ ಡಂಕನ್ ದಿವಾಳಿ ಎದ್ದಿತು. 1968ರಲ್ಲಿ ಫ್ಲಾಂಬೋ ಅನ್ನುವ ಪ್ಲಾಸ್ಟಿಕ್ ಕಂಪನಿ ಆ ಹೆಸರನ್ನು ಕೊಂಡು ಬದುಕಿಸಿತು, ಇವತ್ತಿಗೂ ಡಂಕನ್ ಇದೆ. ರಾಡೋವಾನ್ ಮಾಡಿದ್ದು ದ್ರೋಹ ಅಂತ ನನಗೆ ಎಂದೂ ಅನ್ನಿಸಿಲ್ಲ. ಮಕ್ಕಳ ಎದುರು ನಿಂತ ಕೈ ಅವರದು, ಆ ಕೈಗೆ ಸಿಕ್ಕಿದ ಪ್ರೀತಿಯಲ್ಲಿ ಅವರಿಗೂ ಪಾಲಿತ್ತು. ಆಡಿ ತೋರಿಸುವವನನ್ನು ಕಂಪನಿ ಬಾಡಿಗೆಗೆ ತೆಗೆದುಕೊಳ್ಳಬಹುದು. ಅವನ ಮೇಲೆ ಜನ ಇಟ್ಟ ನಂಬಿಕೆ ಅವನ ಜೊತೆಗೇ ಬರುತ್ತದೆ, ಅವನ ಜೊತೆಗೇ ಹೋಗುತ್ತದೆ.

ಜಪಾನಿನಲ್ಲೂ ಇದೇ ದಾರಿ. 1997ರಲ್ಲಿ ಬಂಡಾಯ್ ಕಂಪನಿ ಹೈಪರ್ ಯೋಯೋ ಅನ್ನುವ ಅಲೆ ಎಬ್ಬಿಸಿದಾಗ ಅದರ ಹಿಂದೆ ಇದ್ದವರು ಹವಾಯಿಯ ಅಲನ್ ನಾಗಾವೊ. ಅವರೂ ತಂಡ ಕಟ್ಟಿ, ಆಡಿ ತೋರಿಸುವವರನ್ನು ತಯಾರು ಮಾಡಿಯೇ ಮಕ್ಕಳನ್ನು ಸೆಳೆದರು. ಆಗ ಯೋಯೋ ಹಿಡಿದ ಪೀಳಿಗೆ ಮುಂದೆ ವಿಶ್ವ ಸ್ಪರ್ಧೆಗಳನ್ನು ಆಳಿತು. ಅಲನ್ ಅವರ ಮಗ ಇವಾನ್ ನಾಗಾವೊ 2018ರಲ್ಲಿ ಶಾಂಘೈಯಲ್ಲಿ 1ಎ ವಿಶ್ವ ಚಾಂಪಿಯನ್ ಆದ. ಯೋಯೋಫ್ಯಾಕ್ಟರಿ ಕಂಪನಿ ಅವನ ಹೆಸರಿನಲ್ಲಿ ಎಡ್ಜ್ ಅನ್ನುವ ಮಾದರಿ ಮಾಡಿತು.

ಆಟಗಾರನ ಹೆಸರಿನಲ್ಲಿ ಮಾಡಿದ ಇಂಥ ಮಾದರಿಗೆ ಸಿಗ್ನೇಚರ್ ಮಾಡೆಲ್ ಅನ್ನುತ್ತಾರೆ. ಸ್ಪಾನ್ಸರ್‌ಶಿಪ್‌ನ ಏಣಿಯಲ್ಲಿ ಇದು ತುತ್ತತುದಿ. ಬುಡದಲ್ಲಿ ರಿಯಾಯಿತಿ, ಅದರ ಮೇಲೆ ಪುಕ್ಕಟೆ ದಾರ, ಆಮೇಲೆ ಪುಕ್ಕಟೆ ಯೋಯೋ, ಆಮೇಲೆ ಸ್ಪರ್ಧೆಗೆ ಹೋಗಿಬರುವ ಖರ್ಚು. ಸಿಗ್ನೇಚರ್ ಮಾದರಿ ಬಂದರೆ ಮಾರಿದ ಒಂದೊಂದರ ಮೇಲೂ ಆಟಗಾರನಿಗೆ ಒಂದು ಪಾಲು. ಜಗತ್ತಿನಲ್ಲಿ ಇದರಿಂದಲೇ ಮನೆ ನಡೆಸುವವರು ಬೆರಳೆಣಿಕೆಯವರು. ಹೆಚ್ಚಿನ ಸ್ಪಾನ್ಸರ್ಡ್ ಆಟಗಾರರು ಓದುತ್ತಾರೆ, ಇಲ್ಲವೇ ಎಲ್ಲೋ ಕೆಲಸಕ್ಕೆ ಹೋಗುತ್ತಾರೆ. ಇದನ್ನು ಹುಡುಗರಿಗೆ ಮೊದಲೇ ಹೇಳಿಬಿಡಬೇಕು.

ಸಿಗ್ನೇಚರ್ ಮಾದರಿಗಳಲ್ಲಿ ನನಗೆ ಬಹಳ ಇಷ್ಟವಾದ ಕತೆ ಶಟರ್‌ನದು. ಯೋಯೋಫ್ಯಾಕ್ಟರಿ ಅಮೆರಿಕದ ಜೆಂಟ್ರಿ ಸ್ಟೈನ್ ಹೆಸರಿನಲ್ಲಿ ತಂದ ಮಾದರಿ ಅದು. ಆಗ ಅದರ ಬೆಲೆ 45 ಡಾಲರ್ ಆಸುಪಾಸು ಇತ್ತು, ಲೋಹದ ಯೋಯೋಗಳ ಲೆಕ್ಕದಲ್ಲಿ ಅಗ್ಗ. ಅದರ ಎರಡರಷ್ಟು, ಮೂರರಷ್ಟು ಬೆಲೆಯ ಯೋಯೋಗಳು ಪೇಟೆಯಲ್ಲಿ ಬೇಕಾದಷ್ಟಿದ್ದವು. 2014ರಲ್ಲಿ ಪ್ರಾಗ್‌ನಲ್ಲಿ ಜೆಂಟ್ರಿ ಅದೇ ಶಟರ್ ಹಿಡಿದು 1ಎ ವಿಶ್ವ ಚಾಂಪಿಯನ್ ಆದ. ಹೊಸದಾಗಿ ಕಲಿಯುವವನ ಕೈಗೆ ಎಟಕುವ ಯೋಯೋ ಮತ್ತು ಚಾಂಪಿಯನ್‌ನ ಯೋಯೋ ಒಂದೇ. ಅದನ್ನು ನೋಡಿ ಶಟರ್ ಕೊಂಡವರಿಗೆ ಮೋಸವಾಗಲಿಲ್ಲ. ಆಟಗಾರ ಹೇಳಿದ್ದು, ಆಟಗಾರ ಹಿಡಿದದ್ದು, ಅಂಗಡಿಯಲ್ಲಿ ಮಾರಿದ್ದು, ಮೂರೂ ಒಂದೇ ಆಗಿತ್ತು. ಸ್ಪಾನ್ಸರ್‌ಶಿಪ್ ಅಂದರೆ ಹೀಗಿರಬೇಕು ಅಂತ ನಾನು ಯಾರಿಗಾದರೂ ತೋರಿಸಬೇಕಾದರೆ ಇದನ್ನೇ ತೋರಿಸುತ್ತೇನೆ.

ಈಗ ನಮ್ಮ ಊರಿಗೆ ಬರೋಣ. ನಮ್ಮಲ್ಲಿ ಒಳ್ಳೆಯ ಯೋಯೋ ಹೆಚ್ಚಾಗಿ ಹೊರದೇಶದಿಂದಲೇ ಬರಬೇಕು. 2020ರ ಬಜೆಟ್‌ನಲ್ಲಿ ಆಟಿಕೆಗಳ ಮೇಲಿನ ಆಮದು ಸುಂಕ 20 ಶೇಕಡದಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. 2021ರ ಜನವರಿ 1ರಿಂದ ಐಎಸ್‌ಐ ಗುರುತು ಇಲ್ಲದ ಆಟಿಕೆಗಳನ್ನು ಮಾರುವ ಹಾಗಿಲ್ಲ. ಕಳಪೆ ಆಟಿಕೆಗಳನ್ನು ತಡೆಯುವುದಕ್ಕೆ, ಇಲ್ಲಿನ ತಯಾರಕರು ಬೆಳೆಯುವುದಕ್ಕೆ ಮಾಡಿದ ನಿಯಮಗಳು ಇವು. ಇವು ಚೀಲದಷ್ಟು ಬೊಂಬೆ ತರಿಸುವ ವ್ಯಾಪಾರಿಯನ್ನು ಮನಸ್ಸಿನಲ್ಲಿಟ್ಟು ಮಾಡಿದವು, ಆದರೆ ಒಂದೇ ಒಂದು ಯೋಯೋ ತರಿಸುವ ವಡಾಲದ ಹುಡುಗನಿಗೂ ಸುಂಕ ತಪ್ಪುವುದಿಲ್ಲ. ಕೊರಿಯರ್ ಖರ್ಚು ಸೇರಿಸಿ ಅದರ ಮೇಲೆ ಸುಂಕ ಹಾಕುವುದರಿಂದ, ಪೆಟ್ಟಿಗೆ ಮನೆಗೆ ಬರುವ ಹೊತ್ತಿಗೆ ಖರ್ಚು ಕಂಪನಿ ಕೇಳಿದ ಬೆಲೆಗಿಂತ ಎಷ್ಟೋ ಹೆಚ್ಚಾಗಿರುತ್ತದೆ.

ಆದ್ದರಿಂದಲೇ ಇಲ್ಲಿ ಸ್ಪಾನ್ಸರ್ಡ್ ಆಟಗಾರನ ಮಾತಿಗೆ ಅಮೆರಿಕದಲ್ಲಿ ಇರುವುದಕ್ಕಿಂತ ಹೆಚ್ಚು ತೂಕ. ಅಲ್ಲಿಯ ಹುಡುಗ ಅಂಗಡಿಗೆ ಹೋಗಿ ನಾಲ್ಕು ಯೋಯೋ ಎಸೆದು ನೋಡಿ ಒಂದನ್ನು ಆರಿಸಬಹುದು. ಇಲ್ಲಿಯವನು ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡುವುದೇ ಇಲ್ಲ. ‘ಅಣ್ಣ ಹೇಳಿದ್ದಾರೆ’ ಅನ್ನುವ ಒಂದೇ ಆಧಾರದ ಮೇಲೆ ಅಪ್ಪ ಅಮ್ಮನ ಹತ್ತಿರ ದುಡ್ಡು ಕೇಳುತ್ತಾನೆ. ಅದಕ್ಕೆ ಸರಿಯಾಗಿ, ಯೋಯೋ ಯೋಯೋಗಳ ನಡುವಿನ ವ್ಯತ್ಯಾಸ ಹೊಸಬನಿಗೆ ತಿಳಿಯುವಂಥದ್ದೂ ಅಲ್ಲ. ಬೇರಿಂಗ್‌ನ ಅಳತೆ ಹೆಚ್ಚಿನ ಕಂಪನಿಗಳಲ್ಲಿ ಒಂದೇ, ಪ್ಯಾಡ್‌ಗಳೂ ಎಷ್ಟೋ ಕಡೆ ಅದಲುಬದಲಾಗುತ್ತವೆ. ಭೇದ ಇರುವುದು ತೂಕವನ್ನು ಅಂಚಿಗೆ ಎಷ್ಟು ತಳ್ಳಿದ್ದಾರೆ, ಒಳಗೋಡೆಯ ಇಳಿಜಾರು ಹೇಗಿದೆ, ಎರಡು ಅರ್ಧಗಳ ಆಕ್ಸಲ್ ತೂತು ಕೂದಲೆಳೆಯೂ ತಪ್ಪದೆ ನಡುಮಧ್ಯ ಬಿದ್ದಿದೆಯೇ ಅನ್ನುವಲ್ಲಿ. ತೂತು ಒಂದಿಷ್ಟು ಆಚೀಚೆಯಾದರೆ ತಿರುಗುವಾಗ ಯೋಯೋ ನಡುಗುತ್ತದೆ, ನಾವು ವೈಬ್ ಅನ್ನುತ್ತೇವೆ. ಉಗುರು ತಾಗಿಸಿ ನೋಡಿದರೆ ಪಳಗಿದವನಿಗೆ ತಕ್ಷಣ ಗೊತ್ತಾಗುತ್ತದೆ, ಹೊಸಬನಿಗೆ ಗೊತ್ತಾಗುವುದಿಲ್ಲ. ಅವನಿಗೆ ಗೊತ್ತಾಗದ್ದನ್ನು ಅವನ ಪರವಾಗಿ ನೋಡಿ ಹೇಳುವವನೇ ಹಿರಿಯ ಆಟಗಾರ. ಕಂಪನಿ ಕೊಳ್ಳುತ್ತಿರುವುದು ಅವನ ಆ ಮಾತನ್ನು. ಟ್ರಿಕ್ಕು, ಪದಕ, ವಿಡಿಯೋ ಎಲ್ಲ ಆ ಮಾತಿಗೆ ಬೆಲೆ ತಂದುಕೊಡುವ ಸಾಧನಗಳು.

ನನ್ನ ಅಪ್ಪ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂತು ಜೀವನ ಕಳೆದವರು. ಕಾಫಿಪುಡಿಯ ಲೆಕ್ಕವೂ ಅವರದೇ. ಪುಡಿ ಒಂದೇ ಅಂಗಡಿಯಿಂದ ಬರುತ್ತಿತ್ತು, ಬೇರೆಯವರು ಕಡಿಮೆಗೆ ಕೊಡುತ್ತೇವೆ ಅಂದರೂ ಅಪ್ಪ ಬದಲಾಯಿಸಲಿಲ್ಲ. ಆದರೆ ಪ್ರತಿ ಸಲ ಹೊಸ ಡಬ್ಬಿ ಒಡೆದಾಗ ಮೊದಲ ಡಿಕಾಕ್ಷನ್ ಅವರೇ ಕುಡಿದು ನೋಡಬೇಕು. ಚಿಕೋರಿ ಒಂಚೂರು ಹೆಚ್ಚಾಗಿದೆ ಅನ್ನಿಸಿದರೆ ಅವತ್ತೇ ಹುಡುಗನ ಕೈಯಲ್ಲಿ ವಾಪಸ್. ಅಂಗಡಿಯವರು ಒಮ್ಮೆಯೂ ಮುಖ ಊದಿಸಿಕೊಳ್ಳಲಿಲ್ಲ, ಇವರು ಬಿಟ್ಟು ಹೋಗುವ ಗಿರಾಕಿಯಲ್ಲ ಅಂತ ಅವರಿಗೆ ಗೊತ್ತಿತ್ತು. ಬ್ರ್ಯಾಂಡ್ ನಿಷ್ಠೆ ಅನ್ನುವ ಮಾತು ಕೇಳಿದಾಗೆಲ್ಲ ನನ್ನ ಕಣ್ಣ ಮುಂದೆ ಬರುವುದು ಇದೇ. ವಾಪಸ್ ಕಳಿಸುವ ಹಕ್ಕನ್ನು ಬಿಟ್ಟುಕೊಡದ ನಿಷ್ಠೆ.

ನನಗೂ ಕೆಲವು ಕಾಲ ಹೊರದೇಶದ ಒಂದು ಸಣ್ಣ ಕಂಪನಿಯ ಬೆಂಬಲ ಇತ್ತು. ಹೆಸರು ಬೇಡ. ಅವರ ಯೋಯೋಗಳನ್ನು ಸ್ವಂತ ದುಡ್ಡಿನಲ್ಲಿ ಕೊಂಡು ಆಡುತ್ತಿದ್ದವನು ನಾನು, ಆಡಿದ ವಿಡಿಯೋ ನೋಡಿ ಅವರೇ ಬರೆದರು. ಹೊಸ ಮಾದರಿ ಬಂದಾಗೆಲ್ಲ ಒಂದು ಪೆಟ್ಟಿಗೆ ಬರುತ್ತಿತ್ತು. ಆ ಪೆಟ್ಟಿಗೆ ಬಿಚ್ಚುವಾಗಿನ ಸಂತೋಷವನ್ನು ನಾನು ಸಣ್ಣದು ಮಾಡಿ ಹೇಳಲಾರೆ. ಎಲ್ಲಿಯೋ ಲೇತಿನ ಮುಂದೆ ನಿಂತ ಒಬ್ಬ ಮನುಷ್ಯ, ಡೊಂಬಿವಲಿಯ ಒಬ್ಬ ಆಟಗಾರನ ಕೈಯನ್ನು ನಂಬಿ ಕಳಿಸಿದ ವಸ್ತು ಅದು. ಸಣ್ಣ ಕಂಪನಿ ಅಂದರೆ ಒಬ್ಬಿಬ್ಬರೇ. ವಿನ್ಯಾಸ ಮಾಡುವವನೂ ಅವನೇ, ಪೆಟ್ಟಿಗೆಗೆ ಟೇಪು ಹಚ್ಚುವವನೂ ಅವನೇ. ಅಂಥವರ ಮೇಲೆ ಹುಟ್ಟುವ ಅಭಿಮಾನ ನಿಜವಾದದ್ದು. ಅದನ್ನು ಬರೀ ಮಾರಾಟದ ತಂತ್ರ ಅಂತ ತಳ್ಳಿಹಾಕುವವರ ಜೊತೆ ನನಗೆ ಒಪ್ಪಿಗೆಯಿಲ್ಲ.

ಒಂದು ಸಲ ಬಂದ ಮಾದರಿಯಲ್ಲಿ ವೈಬ್ ಇತ್ತು. ಬೇರಿಂಗ್ ಬದಲಾಯಿಸಿ ನೋಡಿದೆ, ಆಕ್ಸಲ್ ಬದಲಾಯಿಸಿ ನೋಡಿದೆ, ಹೋಗಲಿಲ್ಲ. ಅವರಿಗೆ ಬರೆದೆ. ಆ ಸಾಲಿನಲ್ಲಿ ಕೆಲವು ಹಾಗೆ ಬಂದಿವೆ, ಸದ್ಯಕ್ಕೆ ಅದರ ಬಗ್ಗೆ ಮಾತಾಡುವುದು ಬೇಡ, ಟ್ರಿಕ್ಕಿನ ವಿಡಿಯೋ ಮಾತ್ರ ಹಾಕಿದರೆ ಸಾಕು ಅಂತ ಉತ್ತರ ಬಂತು. ಫೈವ್ ಗಾರ್ಡನ್ಸ್‌ನಲ್ಲಿ ಇಬ್ಬರು ಹುಡುಗರು ಅದನ್ನೇ ತರಿಸಲು ದುಡ್ಡು ಕೂಡಿಡುತ್ತಿದ್ದರು. ಅವರಿಗೆ ಹೇಳಿದೆ, ಹೇಳಿದ್ದೇನೆ ಅಂತ ಕಂಪನಿಗೂ ಬರೆದೆ. ಅದಾದ ಮೇಲೆ ಪೆಟ್ಟಿಗೆ ಬರುವುದು ನಿಂತಿತು. ಜಗಳವೇನೂ ಆಗಲಿಲ್ಲ. ಇವತ್ತಿಗೂ ನನ್ನ ಆಫೀಸ್ ಬ್ಯಾಗಿನಲ್ಲಿ ಇರುವುದು ಅವರ ಹಳೆಯ ಮಾದರಿಯೇ, ಅದರಷ್ಟು ನನ್ನ ಕೈಗೆ ಒಗ್ಗಿದ ಯೋಯೋ ಇನ್ನೊಂದಿಲ್ಲ. ಕೇಳಿದವರಿಗೆಲ್ಲ ಹಾಗೆಂದೇ ಹೇಳುತ್ತೇನೆ. ಈಗ ಹೇಳುವಾಗ ಕೇಳುವವರು ಹೆಚ್ಚು ನಂಬುತ್ತಾರೆ.

ಈ ಕಾರಣಕ್ಕೇ ‘ಯಾವುದಾದ್ರೂ ಅಡ್ಡಿಲ್ಲ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಪ್ರೀತಿ ಹುಟ್ಟಬೇಕು, ಸ್ಪಾನ್ಸರ್ ಆಮೇಲೆ. ಹಿಂದುಮುಂದಾದರೆ ಪ್ರೀತಿಯ ಜಾಗದಲ್ಲಿ ಕರಾರು ಬಂದು ಕೂರುತ್ತದೆ. ಕಂಪನಿಗಳೂ ಇದನ್ನು ಚೆನ್ನಾಗಿ ಬಲ್ಲವು. ಒಂದೇ ಪತ್ರವನ್ನು ಹೆಸರು ಬದಲಾಯಿಸಿ ಹತ್ತು ಕಂಪನಿಗೆ ಕಳಿಸುವವನನ್ನು ಅವರು ಮೊದಲ ಸಾಲಿನಲ್ಲೇ ಹಿಡಿಯುತ್ತಾರೆ. ತಮ್ಮ ಯೋಯೋದಲ್ಲೇ ವರ್ಷಗಟ್ಟಲೆ ಆಡಿದವನು, ಯಾರದೋ ನಕಲು ಮಾಡದೆ ತನ್ನದೇ ಟ್ರಿಕ್ ಕಟ್ಟುವವನು, ಸೋತ ದಿನವೂ ಗೆದ್ದವನ ಕೈ ಕುಲುಕುವವನು, ಕಿರಿಯರಿಗೆ ಬೈಂಡ್ ಕಲಿಸಲು ಬೇಸರ ಪಡದವನು, ಇಂಥವನನ್ನು ಅವರು ಹುಡುಕುತ್ತಿರುತ್ತಾರೆ. ಪದಕ ಇದ್ದರೆ ಒಳ್ಳೆಯದೇ. ಆದರೆ ನಮ್ಮಂಥ ಊರಿನಲ್ಲಿ, ಯೋಯೋ ಅಂದರೇನೆಂದೇ ತಿಳಿಯದವರ ನಡುವೆ, ಹತ್ತು ಹುಡುಗರನ್ನು ಸೇರಿಸಿ ಆಡಿಸುವವನು ಕಂಪನಿಗೆ ಪದಕಕ್ಕಿಂತ ದೊಡ್ಡ ಆಸ್ತಿ. ಭಾರತಕ್ಕೆ ಒಂದು ಪೆಟ್ಟಿಗೆ ಕಳಿಸಿದರೆ ಸುಂಕ ಎಷ್ಟು, ಅದನ್ನು ಕಟ್ಟುವವರು ಯಾರು ಅನ್ನುವುದನ್ನೂ ಪತ್ರದಲ್ಲೇ ಬಿಚ್ಚಿ ಬರೆದರೆ ಒಳ್ಳೆಯದು. ಆಮೇಲೆ ಕಸಿವಿಸಿ ತಪ್ಪುತ್ತದೆ.

ಇನ್ಸ್ಟಾಗ್ರಾಮಿನಲ್ಲಿ ತಾನಾಗಿ ಬಂದು ಬಾಗಿಲು ತಟ್ಟುವ ‘ಬ್ರ್ಯಾಂಡ್ ಅಂಬಾಸಿಡರ್’ ಆಹ್ವಾನಗಳ ಬಗ್ಗೆ ನನಗೆ ಸಿಟ್ಟೇ ಇದೆ. ಹುಡುಗನಿಗೆ ಒಂದು ರಿಯಾಯಿತಿ ಕೋಡ್ ಕೊಡುತ್ತಾರೆ. ಅವನು ಅದೇ ಕೋಡ್ ಹಾಕಿ ತನ್ನ ದುಡ್ಡಿನಲ್ಲಿ ಸರಕು ಕೊಳ್ಳಬೇಕು, ಫೋಟೋ ಹಾಕಬೇಕು, ಗೆಳೆಯರಿಂದಲೂ ಕೊಳ್ಳಿಸಬೇಕು. ಅವನಿಗೆ ಬರುವುದು ಹೆಸರಿನ ಪಕ್ಕದಲ್ಲಿ ಬರೆದುಕೊಳ್ಳಲು ಎರಡು ಪದ. ಹದಿನಾರು ವರ್ಷದ ಮಗುವಿಗೆ ಆ ಎರಡು ಪದ ಎಷ್ಟು ದೊಡ್ಡದು ಅಂತ ತಿಳಿದೇ ಮಾಡುವ ವ್ಯವಹಾರ ಅದು. ಅದನ್ನು ನಾನು ಸ್ಪಾನ್ಸರ್‌ಶಿಪ್ ಅನ್ನಲಾರೆ.

ಇಲ್ಲಿಯೇ, ಕಣ್ಣೆದುರೇ ಸಿಗುವ ಬೆಂಬಲವನ್ನು ನಮ್ಮ ಹುಡುಗರು ಕಡೆಗಣಿಸುತ್ತಾರೆ ಅನ್ನುವುದು ನನ್ನ ಇನ್ನೊಂದು ಬೇಸರ. ದಾರವನ್ನೇ ನೋಡಿ. ಗಟ್ಟಿಯಾಗಿ ಅಭ್ಯಾಸ ಮಾಡುವವನ ದಾರ ಕೆಲವು ಗಂಟೆಗಳಲ್ಲೇ ಸೊರಗುತ್ತದೆ, ನಮ್ಮ ಮಳೆಗಾಲದ ಒದ್ದೆ ಗಾಳಿಯಲ್ಲಿ ಬೆರಳಿಗೆ ಅಂಟಿಕೊಂಡು ಇನ್ನೂ ಬೇಗ ಕೆಡುತ್ತದೆ. ನಮ್ಮ ಗುಂಪಿನ ಗೆಳೆಯನೊಬ್ಬ ದರ್ಜಿಗಳು ಬಳಸುವ ಪಾಲಿಯೆಸ್ಟರ್ ನೂಲಿನ ಎಳೆಗಳನ್ನು ಕೂಡಿಸಿ, ಒಂದು ತುದಿಯನ್ನು ಡ್ರಿಲ್ ಮಶಿನ್‌ಗೆ ಸಿಕ್ಕಿಸಿ ಹುರಿ ಹಾಕುತ್ತಾನೆ, ಆಮೇಲೆ ನಡುವಿಗೆ ಮಡಿಸಿ ತಿರುಗುಮುರುಗಾಗಿ ಬಿಡುತ್ತಾನೆ. ಹುರಿ ಬಿಗಿಯಾದರೆ ಸ್ಲ್ಯಾಕ್ ಸುತ್ತಿಕೊಳ್ಳುತ್ತದೆ, ಸಡಿಲಾದರೆ ಗಾಳಿಯಲ್ಲಿ ಆಕಾರ ನಿಲ್ಲುವುದಿಲ್ಲ. ಆ ಹದ ಅವನ ಕೈಗೆ ಬಂದಿದೆ. ಅವನು ಆ ವಡಾಲದ ಹುಡುಗನಿಗೆ ದಾರ ಕೊಡುತ್ತಾನೆ, ಬದಲಿಗೆ ಹುಡುಗ ಆಡಿ ನೋಡಿ ಎಲ್ಲಿ ಬಿಗಿ, ಎಲ್ಲಿ ಸಡಿಲು ಅಂತ ಹೇಳುತ್ತಾನೆ. ನನ್ನ ಮಟ್ಟಿಗೆ ಹುಡುಗ ಆಗಲೇ ಸ್ಪಾನ್ಸರ್ಡ್ ಆಟಗಾರ. ವಸಯಿಯಲ್ಲಿ, ಪುಣೆಯ ಭೋಸರಿಯಲ್ಲಿ, ಚಾಕಣ್‌ನಲ್ಲಿ ಮೋಟಾರು ಭಾಗಗಳನ್ನು ಕೊರೆಯುವ ಲೇತುಗಳಿಗೆ ಒಂದು ಒಳ್ಳೆಯ ಯೋಯೋ ಕೊರೆಯುವ ಶಕ್ತಿ ಖಂಡಿತ ಇದೆ. ಅಲ್ಲಿಂದ ಒಂದು ಯೋಯೋ ಹೊರಬಂದು, ಅದನ್ನು ಕೈಗೆ ಕೊಟ್ಟು “ಹೇಳು, ಎಲ್ಲಿ ತಪ್ಪಿದೆ” ಅಂತ ಯಾರಾದರೂ ಕೇಳಿದರೆ, ಆ ಸ್ಪಾನ್ಸರ್‌ಶಿಪ್‌ಗೆ ನಾನು ಈಗಲೂ ಓಡಿ ಹೋಗುತ್ತೇನೆ.

ಹೋದ ಭಾನುವಾರ ಹುಡುಗ ತಾಯಿಯನ್ನೂ ಕರೆದುಕೊಂಡು ಬಂದಿದ್ದ. ಅವನು ನಿಜವಾಗಿ ಇಷ್ಟಪಟ್ಟು ಆಡುವ ಕಂಪನಿಯೊಂದಕ್ಕೆ ಬರೆದಿದ್ದಾನಂತೆ, ಅವರು ಆಸಕ್ತಿ ತೋರಿಸಿ ಒಂದು ಪುಟದ ಕರಾರು ಕಳಿಸಿದ್ದಾರೆ. ಅಮ್ಮನಿಗೆ ಭಯ. “ನೀವೊಮ್ಮೆ ಓದಿ ಹೇಳಿ ಮಾರಾಯ್ರೆ, ನಂಗೆ ಈ ಇಂಗ್ಲಿಷ್ ಅರ್ಧ ತಲೆಗೆ ಹೋಗುದಿಲ್ಲ.” ಬೆಂಚಿನ ಮೇಲೆ ಕೂತು ಓದಿದೆವು. ಸ್ಪರ್ಧೆಯಲ್ಲೂ ವಿಡಿಯೋದಲ್ಲೂ ಅವರದೇ ಯೋಯೋ ಹಿಡಿಯಬೇಕು ಅಂತ ಇತ್ತು, ಅದು ಎಲ್ಲ ಕಡೆ ಇರುವಂಥದ್ದೇ. ದಾರದ ಬಗ್ಗೆ ಏನೂ ಇರಲಿಲ್ಲ, ಗೆಳೆಯನ ದಾರ ಬಳಸಬಹುದು ಅಂತ ಬರೆಸಿಕೊಳ್ಳಿ ಅಂದೆ. ಹದಿನೆಂಟು ತುಂಬದವನು ಮಾಡಿಕೊಂಡ ಒಪ್ಪಂದ ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ, 1903ರ ಮೊಹರಿ ಬೀಬಿ ಮೊಕದ್ದಮೆಯಿಂದ ಅದು ಇತ್ಯರ್ಥವಾದ ವಿಷಯ. ಆದ್ದರಿಂದ ಹುಡುಗನ ಸಹಿಯೊಂದೇ ಸಾಲದು, ಮಾತುಕತೆಯಲ್ಲಿ ಮನೆಯವರೂ ಇರಬೇಕು ಅಂತ ಹೇಳಿದೆ. ಪುಕ್ಕಟೆ ಬಂದ ಯೋಯೋದ ವಿಡಿಯೋ ಹಾಕುವಾಗ ಅದು ಕಂಪನಿ ಕೊಟ್ಟದ್ದು ಅಂತ ಎದ್ದು ಕಾಣುವ ಹಾಗೆ ಬರೆಯಬೇಕು. ದುಡ್ಡು ಪಡೆಯದೆ ಬರೀ ವಸ್ತು ಪಡೆದರೂ ಹೇಳಲೇಬೇಕು ಅಂತ ಜಾಹೀರಾತು ಮಂಡಳಿಯ 2021ರ ಮಾರ್ಗಸೂಚಿಯಲ್ಲೂ ಗ್ರಾಹಕ ಇಲಾಖೆ 2023ರಲ್ಲಿ ಹೊರಡಿಸಿದ್ದರಲ್ಲೂ ಇದೆ. ಹುಡುಗ ತಲೆಯಾಡಿಸಿದ. ದೋಷ ಕಂಡರೆ ಹೇಳುವ ಸ್ವಾತಂತ್ರ್ಯ ನನಗಿರುತ್ತದೆ ಅನ್ನುವ ಒಂದು ಸಾಲನ್ನು ಅವನೇ ಪೆನ್ನಿನಲ್ಲಿ ಅಂಚಿಗೆ ಬರೆದುಕೊಂಡ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಕಡೆಗೆ ಅಮ್ಮ ಒಂದು ಪ್ರಶ್ನೆ ಕೇಳಿದರು. “ಇವ ಬರುವ ವರ್ಷ ಬಿಟ್ಟರೆ, ಇವ ಮಾಡಿದ ವಿಡಿಯೋ ಎಲ್ಲ ಯಾರದ್ದಾಗ್ತದೆ?” ಕರಾರಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಹುಡುಗ ಆ ಪ್ರಶ್ನೆಯನ್ನು ಹಾಗೆಯೇ ಇಂಗ್ಲಿಷಿಗೆ ಮಾಡಿ, ಅಮ್ಮ ಕೇಳುತ್ತಿದ್ದಾರೆ ಅಂತಲೇ ಬರೆದು ಅಲ್ಲಿಂದಲೇ ಮೇಲ್ ಕಳಿಸಿದ. ಅದಕ್ಕೆ ಉತ್ತರ ಬಂದ ಮೇಲೆ ಸಹಿ.